ಸರಕಾರಿ ಕ್ಯಾಮರಾದ ಮುಂದೆ ದ್ಯಾವಿ

ನಾನು ಶಿರಸಿಯ ಬಸ್ಸಿಗೆ ಕಾಯುತ್ತಿದ್ದಾಗ, ಸಿದ್ದಾಪುರದ ಪೇಟೆಯಲ್ಲಿ ಸ್ವಾತಂತ್ರ್ಯದ ಇತಿಹಾಸ ಹೇಳುವ ಸರಕಾರಿ ಚಿತ್ರವೊಂದನ್ನು ತೆಗೆಯುತ್ತಿದ್ದರು. ಬ್ರಿಟಿಷರ ಕಾಲದ ಕರನಿರಾಕರಣೆಯಲ್ಲಿ ಜೈಲಿಗೆ ಹೋಗಿದ್ದ ಸಾವಿತ್ರಮ್ಮ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ನಿಂತಿದ್ದ ಕೂಲಿ ಹೆಂಗಸು ದ್ಯಾವಿಗೆ ಅಧಿಕಾರಿ ಆಚೆ ಸರಿಯಲು ಹೇಳಿದರು.

“ಅದೆಂತಕ್ಕೆ?” ಎಂದರು ಸಾವಿತ್ರಮ್ಮ.

“ಜೈಲಿಗೆ ಹೋದವರನ್ನಷ್ಟೇ ತೋರಿಸಬೇಕೆಂದು ಮೇಲಿನ ಆದೇಶ, ಅಮ್ಮಾ.”

“ಆನು ಜೈಲಲ್ಲಿದ್ದಾಗ ಎನ್ನ ಮಕ್ಕಳಿಗೆ ಗಂಜಿ ಹಾಕಿದ್ದು ದ್ಯಾವಿ. ಪೊಲೀಸರು ಹೊಡೆದ್ರೂ ಬಿಟ್ಟು ಹೋಯ್ದಿಲ್ಲೆ. ದ್ಯಾವಿ ಇಲ್ದೆ ಆನು ಕೂರ್ತ್ನಿಲ್ಲೆ.”

“ನಂಗ್ಯಾಕ್ರಾ ಅಮ್ಮಾ ಇದೆಲ್ಲ?” ಎಂದು ದ್ಯಾವಿ ಹಿಂಜರಿದಳು. ಪೇಟೆಯ ಮಂದಿಯೆಲ್ಲ ನೋಡುತ್ತಿದ್ದಂತೆ ಸಾವಿತ್ರಮ್ಮ ಎದ್ದು, ಅವಳ ಕೈಹಿಡಿದು ತಂದು ತಮ್ಮ ಬೆಂಚಿನ ಮೇಲೇ ಕೂರಿಸಿಕೊಂಡರು. ನನ್ನ ಕಣ್ಣು ತುಂಬಿತು.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ದ್ಯಾವಿಯತ್ತ ಬಾಗಿ, “ನಿಮ್ಮ ಪೂರ್ತಿ ಹೆಸರೇನಮ್ಮಾ?” ಎಂದು ಕೇಳಿದರು.