ಲಿಡಿಯಾ ಬಾಯಿ ತೆರೆಯಲಿಲ್ಲ

ದೆವ್ವ, ಗಾಳಿ, ಶಕುನ ಇವುಗಳ ಮಾತು ಬಂದಾಗ ನಗುತ್ತಿದ್ದವಳು ನಾನು. ನಗುವುದಷ್ಟೇ ಅಲ್ಲ, ಹೇಳುವವರನ್ನು ಕೆಣಕುತ್ತಿದ್ದೆ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆ ಅಂದರೆ, ಸೀರೆಯ ಅಂಚು ಯಾವ ಬಣ್ಣದ್ದು ಎಂದು ಕೇಳಿ ಕಥೆಯನ್ನು ಅಲ್ಲಿಗೇ ಕೆಡಿಸುತ್ತಿದ್ದೆ. ವಿಜ್ಞಾನ ಪಾಠ ಮಾಡುವವಳು, ಮೇಲಾಗಿ ಚರ್ಚಿಗೆ ಹೋಗುವವಳು. ದೇವರೊಬ್ಬನನ್ನು ನಂಬಿದ ಮೇಲೆ ಉಳಿದ ಚಿಲ್ಲರೆಯನ್ನೆಲ್ಲ ನಂಬುವ ಅಗತ್ಯವಿಲ್ಲ ಎಂಬುದು ನನ್ನ ವಾದವಾಗಿತ್ತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಈಗ ಹೇಳಹೊರಟಿರುವುದನ್ನು ವರ್ಷಗಟ್ಟಲೆ ಪರಾಂಬರಿಸಿದ್ದೇನೆ. ಏನೂ ಗಿಟ್ಟಿಲ್ಲ. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ.

ರಾಮನಗರದಲ್ಲಿ ನಮ್ಮದು ಚಿಕ್ಕದೊಂದು ಲೂಥರನ್ ಸಭೆ. ಬಿಡದಿಯ ಕಾರ್ಖಾನೆಗಳಿಗೆ ಹೋಗುವವರು, ಒಬ್ಬಿಬ್ಬರು ನರ್ಸುಗಳು, ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡುವ ಎರಡು ಮನೆಯವರು, ಇಷ್ಟೇ ಜನ. ಚರ್ಚಿನ ಹಿಂದಿನ ಓಣಿಯಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಿವೆ. ಗಾಳಿ ಈ ಕಡೆ ಬೀಸಿದರೆ ಗೂಡು ಬೇಯಿಸಿದ ವಾಸನೆ ಪ್ರಾರ್ಥನೆಯ ಮಧ್ಯೆ ಬಂದು ಕೂರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ.

ಈ ಸಭೆಯಲ್ಲಿ ದೃಢೀಕರಣದ ತರಗತಿ ನಡೆಸುವುದು ನನ್ನ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿಬಿಡುತ್ತದೆ. ಅಂದು ದೊಡ್ಡವರು ಕೂಸಿನ ಪರವಾಗಿ ಕೊಟ್ಟ ಮಾತನ್ನು ಹದಿನಾಲ್ಕೋ ಹದಿನೈದೋ ವಯಸ್ಸಿಗೆ ಮಕ್ಕಳು ತಮ್ಮ ಬಾಯಿಂದಲೇ ಹೇಳಿ ಗಟ್ಟಿಮಾಡಬೇಕು. ಅದೇ ದೃಢೀಕರಣ, ಇಂಗ್ಲಿಷಿನ ಕನ್ಫರ್ಮೇಶನ್. ಅದಾದ ಮೇಲೆಯೇ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ, ಅವರನ್ನು ಸೇರಿಸುವುದು. ದೃಢೀಕರಣದ ಹಿಂದಿನ ಭಾನುವಾರ ಪರೀಕ್ಷೆ ಇರುತ್ತದೆ. ಮಕ್ಕಳನ್ನು ಸಭೆಯ ಎದುರು ನಿಲ್ಲಿಸಿ ಸಭಾಪಾಲಕರು ಪ್ರಶ್ನೆ ಕೇಳುತ್ತಾರೆ. ಅವರನ್ನು ನಾವು ಅಯ್ಯನವರು ಅನ್ನುತ್ತೇವೆ. ಬೇರೆ ಕಡೆ ಈಗ ಇಷ್ಟು ಬಿಗಿಯಿಲ್ಲ, ನಮ್ಮ ಅಯ್ಯನವರು ಮಾತ್ರ ಹಳೇ ಕಾಲದವರು. ಉತ್ತರ ಹೇಳದ ಮಗು ಇನ್ನೊಂದು ವರ್ಷ ಕಾಯಲೇಬೇಕು.

ಆ ವರ್ಷ ನನ್ನ ತರಗತಿಯಲ್ಲಿ ಐದು ಮಕ್ಕಳಿದ್ದರು. ಅವರಲ್ಲಿ ಒಬ್ಬಳನ್ನು ಇಲ್ಲಿ ಲಿಡಿಯಾ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ತಾಯಿ ಇಲ್ಲದ ಹುಡುಗಿ, ಸಾಕಿದ್ದು ತಾಯಿಯ ತಾಯಿ. ಅಪ್ಪ ಇದ್ದೂ ಇಲ್ಲದಂತೆ ಇದ್ದ. ಒಂದು ಸಲ ಹೇಳಿಕೊಟ್ಟರೆ ಸಾಕು, ಮುಂದಿನ ಶನಿವಾರ ತಡವರಿಸದೆ ಒಪ್ಪಿಸುತ್ತಿದ್ದಳು. ಅಂಥವಳು ಪರೀಕ್ಷೆ ಹತ್ತಿರ ಬಂದಂತೆ ಒಂದೊಂದಾಗಿ ಮರೆಯತೊಡಗಿದಳು. ಬೈದೆ, ಪುಸಲಾಯಿಸಿದೆ, ಬಗ್ಗಲಿಲ್ಲ. ಒಂದು ಶನಿವಾರ ಉಳಿದವರನ್ನು ಕಳಿಸಿ ಅವಳೊಬ್ಬಳನ್ನೇ ಕೂರಿಸಿಕೊಂಡೆ.

“ನಂಗೆಲ್ಲಾ ಬತ್ತದೆ ಮಿಸ್,” ಅಂದಳು. “ಹೇಳ್ಬುಟ್ರೆ ನನ್ನ ನಮ್ಮ ಮಾವನ್ಗೆ ಕೊಟ್ಬುಡ್ತಾರೆ. ಕನ್ಫರ್ಮೇಶನ್ ಒಂದು ಆಗೋಗ್ಲಿ ಅಂತ ನಮ್ಮಜ್ಜಿ ಕಾಯ್ತಾ ಕೂತದೆ.”

ದೃಢೀಕರಣ ಆಗದವರಿಗೆ ಚರ್ಚಿನಲ್ಲಿ ಮದುವೆ ಮಾಡುವುದಿಲ್ಲ ಎಂಬುದು ನಮ್ಮಲ್ಲಿ ನಿಯಮ. ಅಜ್ಜಿ ಅದನ್ನು ತಿರುಗಾಮುರುಗಾ ಮಾಡಿಕೊಂಡಿದ್ದಳು. ದೃಢೀಕರಣ ಆಯಿತೆಂದರೆ ಹುಡುಗಿ ದೊಡ್ಡವಳಾದಳು, ಮದುವೆಗೆ ತಡೆಯಿಲ್ಲ ಎಂದು ಅವಳ ಲೆಕ್ಕ. ಆ ಮಾವ ತಾಯಿಯ ತಮ್ಮ, ಮೂವತ್ತು ದಾಟಿದವನು, ತಮಿಳುನಾಡಿನ ಗಡಿ ಕಡೆ ಇದ್ದ. ಮಗಳು ಸಾಯುವಾಗ ಅವಳಿಗೆ ಮಾತು ಕೊಟ್ಟಿದ್ದೇನೆ ಎಂದು ಮುದುಕಿ ಹಟ ಹಿಡಿದಿದ್ದಳು. ನಾನು ಮನೆಗೆ ಹೋಗಿ ಕಾನೂನಿನ ಮಾತೆತ್ತಿದಾಗ ಒಳ್ಳೆಯ ಕಾಫಿ ಕೊಟ್ಟು, “ಈಗ್ಲೇ ಯಾರವ್ವ ಮಾಡ್ತಾರೆ? ಮಾತು ಆಗೈತೆ ಅಷ್ಟೆಯ. ಕನ್ಫರ್ಮೇಸನ್ ಆಗ್ಲಿ, ನೋಡುವ,” ಅಂದಳು. ಆ “ನೋಡುವ” ಕೇಳಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಇನ್ನು ಯಾರಿಗೂ ಹೇಳಬೇಡಿ, ನಾನೇ ನಿಮಗೆ ಹೇಳಿದ್ದೆಂದು ಗೊತ್ತಾದರೆ ಸ್ಕೂಲನ್ನೇ ಬಿಡಿಸುತ್ತಾರೆ ಎಂದು ಹುಡುಗಿ ಅತ್ತಳು. ಅಯ್ಯನವರಿಗೆ ಹೇಳಿದರೆ ಅವರು ಹಿರಿಯರ ಸಭೆ ಕರೆಯುತ್ತಾರೆ, ಸಂಜೆಯೊಳಗೆ ಅಜ್ಜಿಗೆ ಮುಟ್ಟುತ್ತದೆ. ಹಾಗಾಗಿ ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ಪರೀಕ್ಷೆಯ ದಿನ ಅವಳು ಬಾಯಿ ಬಿಡಬಾರದು, ಅಷ್ಟೆ. ಒಂದು ವರ್ಷ ಸಿಗುತ್ತದೆ, ಎಸ್ಸೆಸ್ಸೆಲ್ಸಿ ಮುಗಿಯುತ್ತದೆ, ಮುಂದಿನದನ್ನು ಆಮೇಲೆ ಯೋಚಿಸಿದರಾಯಿತು. ಎಷ್ಟು ಸುಲಭ ಅನ್ನಿಸಿತ್ತು!

ಆ ಭಾನುವಾರ ಚುರುಕು ಬಿಸಿಲು. ನೀವು ಇಂಥ ಕಥೆಗಳಲ್ಲಿ ಓದಿರುವ ಕತ್ತಲೆ, ನಾಯಿಯ ಊಳು ಯಾವುದೂ ಇರಲಿಲ್ಲ. ಚರ್ಚು ತುಂಬಿತ್ತು. ಐದೂ ಮಕ್ಕಳು ಬಿಳಿ ಬಟ್ಟೆ ತೊಟ್ಟು ವೇದಿಯ ಮುಂದೆ ನಿಂತಿದ್ದರು. ನಾನು ಕೀಬೋರ್ಡಿನ ಪಕ್ಕದ ಬೆಂಚಿನಲ್ಲಿ, ಅವರ ಮುಖ ಕಾಣುವಂತೆ ಕೂತಿದ್ದೆ. ಮಕ್ಕಳು ಉತ್ತರ ಹೇಳುವಾಗ ನನ್ನ ತುಟಿಯೂ ಅಲ್ಲಾಡುತ್ತದೆ, ಪಾಠ ಹೇಳುವವರಿಗೆ ಅಂಟಿಕೊಳ್ಳುವ ಚಟ. ಸದ್ದು ಹೊರಡುವುದಿಲ್ಲ.

ಲಿಡಿಯಾಳ ಸರದಿ ಬಂತು. ತಾಯಿಯಿಲ್ಲದ ಮಗು ಎಂದು ಕರುಣೆಯಿಂದಲೋ ಏನೋ, ಅಯ್ಯನವರು ಎಲ್ಲಕ್ಕಿಂತ ಸುಲಭದ್ದನ್ನು ಕೇಳಿದರು. ತಂದೆತಾಯಿಯನ್ನು ಗೌರವಿಸಬೇಕೆಂಬ ಆಜ್ಞೆಯ ಅರ್ಥವೇನು ಎಂದು. ಅವಳು ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಫ್ಯಾನು ಕಿರುಗುಡುತ್ತಿತ್ತು. ಅಯ್ಯನವರು ಪುಸ್ತಕದಿಂದ ತಲೆಯೆತ್ತದೆ ಇನ್ನೊಮ್ಮೆ ಕೇಳಿದರು. ನಾನು ಮನಸ್ಸಿನಲ್ಲೇ, ತಡಕೋ ಮಗಳೇ, ಇನ್ನೊಂದೇ ಗಳಿಗೆ ಅನ್ನುತ್ತಿದ್ದೆ.

ಆಗ ಉತ್ತರ ಬಂತು. ಅವಳು ನಿಂತ ಜಾಗದಿಂದಲೇ ಬಂತು. ಮೊದಲಿನಿಂದ ಕೊನೆಯವರೆಗೆ ಒಂದು ಅಕ್ಷರ ತಪ್ಪಲಿಲ್ಲ. ಆದರೆ ಅದು ಹುಡುಗಿಯ ದನಿಯಲ್ಲ. ಗಂಟಲು ಸುಟ್ಟವರ ದನಿ. ಉಸಿರು ಬೇರೆ, ಮಾತು ಬೇರೆ ಎಂಬಂತೆ ಹೊರಟು ಪ್ರತಿ ಮಾತಿನ ತುದಿ ಸೀಳಿಹೋಗುತ್ತಿತ್ತು. ಅಷ್ಟು ಹೊತ್ತೂ ಲಿಡಿಯಾಳ ಹಲ್ಲು ತುಟಿಯ ಮೇಲೇ ಇತ್ತು. ಬಾಯಿ ತೆರೆಯಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ.

ಅಯ್ಯನವರು “ಭೇಷ್ ಮಗಳೇ” ಅಂದು ಮುಂದಿನವನ ಕಡೆ ತಿರುಗಿದರು. ಹಿಂದಿನ ಬೆಂಚಿನ ಹೆಂಗಸೊಬ್ಬಳು, “ಪಾಪ, ಗಂಟ್ಲು ಕಟ್ಟೈತೆ ಮಗೀಗೆ,” ಅಂದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಿಡಿಯಾ ನನ್ನನ್ನೇ ನೋಡುತ್ತಿದ್ದಳು.

ಆರಾಧನೆ ಮುಗಿದ ಮೇಲೆ ನಲ್ಲಿಯ ಹತ್ತಿರ ಬಂದು ಕೇಳಿದಳು. “ಯಾಕ್ ಮಿಸ್ ಹೇಳ್ಬುಟ್ರಿ?”

“ನಾನಲ್ಲ ಕಣೇ.”

“ನಿಮ್ ಬಾಯಿ ಅಳ್ಳಾಡ್ತಿತ್ತು. ನಾನ್ ನೋಡ್ದೆ.” ಅಷ್ಟು ಹೇಳಿ ಹೋದವಳು ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ.

ಅದೇ ಸಂಜೆ ಅಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಉತ್ತರ ಹೇಳಿದ್ದು ಅವಳಲ್ಲ ಅಂದಾಗ, “ನನ್ನ ಕಿವಿ ಇನ್ನೂ ಚೆನ್ನಾಗಿದೆಯಮ್ಮ,” ಅಂದರು. ಮದುವೆಯ ವಿಷಯವನ್ನು ಮಾತ್ರ ಕಿವಿಗೆ ಹಾಕಿಕೊಂಡು ಮನೆಗೆ ಹೋಗಿ ಬಂದರು. ಅಂಥದ್ದೇನೂ ಇಲ್ಲ ಎಂದು ಮನೆಯವರು ಆಣೆ ಮಾಡಿದರು. ಪೊಲೀಸು, ಮಕ್ಕಳ ರಕ್ಷಣೆಯವರು ಇರಲಿಲ್ಲವೇ ಎಂದು ನೀವು ಕೇಳಬಹುದು. ಅವರಿಗೂ ತಿಳಿಸಿದೆ, ಬಂದು ವಿಚಾರಿಸಿದರು. ಹುಡುಗಿಯೇ ತಲೆ ತಗ್ಗಿಸಿ ಏನೂ ಇಲ್ಲ ಅಂದಳಂತೆ. ನನ್ನ ಮೇಲಿನ ನಂಬಿಕೆ ಅವಳಿಗೆ ಹೋಗಿತ್ತು. ದೃಢೀಕರಣವಾಯಿತು, ಬೇಸಿಗೆ ರಜೆ ಬಂತು. ಸ್ಕೂಲು ಶುರುವಾಗುವ ಹೊತ್ತಿಗೆ ಆ ಮನೆಗೆ ಬೀಗ ಬಿದ್ದಿತ್ತು.

ನನ್ನ ದನಿಯೇ ನನಗೆ ಗೊತ್ತಿಲ್ಲದೆ ಹೊರಟಿತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳ ಪಕ್ಕ ನಿಂತಿದ್ದ ಹುಡುಗನನ್ನು ಕೇಳಿದೆ. “ಲಿಡಿಯಾನೇ ಹೇಳಿದ್ದು ಮಿಸ್. ಆದ್ರೆ ಅವಳ ಥರ ಇರ್ಲಿಲ್ಲ,” ಅಂದ. ಮನೆಯಲ್ಲಿ ಒಬ್ಬಳೇ ಇದ್ದಾಗ ಅದೇ ಉತ್ತರವನ್ನು ಗಂಟಲು ಹಿಂಡಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ದೂ ಉಂಟು. ಅದರ ಹತ್ತಿರಕ್ಕೂ ಬರಲಿಲ್ಲ. ನನ್ನ ಹುಚ್ಚಿಗೆ ನಾನೇ ನಕ್ಕೆ.

ವರ್ಷಗಳು ಕಳೆದವು. ನನಗೆ ಕುದೂರಿನ ಕಡೆ ವರ್ಗವಾಯಿತು, ಭಾನುವಾರ ಮಾತ್ರ ರಾಮನಗರದ ಚರ್ಚಿಗೇ ಬರುತ್ತಿದ್ದೆ. ಕಳೆದ ವರ್ಷ ಒಂದು ಮಧ್ಯಾಹ್ನ, ಮಕ್ಕಳು ಬಿಸಿಯೂಟಕ್ಕೆ ಕೂತಿದ್ದಾಗ, ನೋಡಲು ಯಾರೋ ಬಂದಿದ್ದಾರೆ ಅಂದರು. ಗೇಟಿನ ಹತ್ತಿರ ಬತ್ತಿಹೋದ ಒಬ್ಬ ಹೆಂಗಸು, ವೇಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಳು. ಗುರುತು ಸಿಗಲಿಲ್ಲ.

“ಮಿಸ್, ನಾನು ಲಿಡಿಯಾ,” ಅಂದಳು.

ನಾನು ಗೇಟಿನ ಸರಳು ಹಿಡಿದುಕೊಂಡೆ. ಅವತ್ತು ಚರ್ಚಿನಲ್ಲಿ ಕೇಳಿದ್ದು ಇದೇ ದನಿ. ಇಂಥದ್ದೇ ಅಲ್ಲ, ಇದೇ. ಅದೇ ಉಸಿರು, ಅದೇ ಸೀಳು.

ನೆರಳಿನಲ್ಲಿ ಕೂತು ಅವಳೇ ಎಲ್ಲ ಹೇಳಿದಳು. ಆ ಬೇಸಿಗೆಯಲ್ಲೇ ಮಾವನಿಗೆ ಕೊಟ್ಟರಂತೆ. ಮದುವೆಯಾದ ಎರಡನೇ ವರ್ಷ, ತಡೆಯಲಾರದೆ, ಕುಡಿಯಬಾರದ್ದನ್ನು ಕುಡಿದಳಂತೆ. ಜೀವ ಉಳಿಯಿತು, ಗಂಟಲು ಹೋಯಿತು. ಗಂಡ ತಂದು ಅಜ್ಜಿಯ ಹತ್ತಿರ ಬಿಟ್ಟುಹೋದ. ಅಜ್ಜಿ ಈಗಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುವ ಕೆಲಸ ಮಾಡಿಕೊಂಡು ಒಬ್ಬಳೇ ಇದ್ದಾಳೆ. ಇಷ್ಟು ವರ್ಷ ಚರ್ಚಿನ ಕಡೆ ತಲೆ ಹಾಕಿರಲಿಲ್ಲ, ಈಗ ಬರಬೇಕು ಅನ್ನಿಸಿದೆ.

“ಈ ಭಾನ್ವಾರ ಭೋಜನ ತಗೋಬೇಕು ಅಂತಿವ್ನಿ ಮಿಸ್. ಮನ್ಸಲ್ಲಿ ಯಾರ್ ಮೇಲಾದ್ರೂ ಸಿಟ್ಟು ಇಟ್ಕೊಂಡು ಅದಕ್ಕೆ ಕೈಯೊಡ್ಬಾರ್ದು ಅಂತ ನೀವೇ ಹೇಳಿಕೊಟ್ಟಿದ್ರಿ. ಅಜ್ಜಿ ಮೇಲಿಂದು ಹೋಯ್ತು. ನಿಮ್ ಮೇಲಿಂದು ಮಾತ್ರ ಹೋಗಿಲ್ಲ. ಅವತ್ತು ನೀವೇ ಅಲ್ವಾ ಹೇಳಿದ್ದು?”

ಅಲ್ಲ ಕಣಮ್ಮ, ಹೇಳಿದ್ದು ನಿನ್ನ ಈ ದನಿಯೇ ಅನ್ನಲೇ? ಆ ಸುಟ್ಟ ಗಂಟಲಿನ ಎದುರು ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ.

“ಹೂಂ ಕಣಮ್ಮ, ನಾನೇ ಹೇಳಿದ್ದು. ತಪ್ಪಾಯ್ತು. ಕ್ಷಮಿಸಿಬಿಡು,” ಅಂದೆ.

ಅವಳು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು, ಹಗುರಾಯ್ತು ಮಿಸ್ ಅಂದು ಮಾಗಡಿ ಬಸ್ಸು ಹತ್ತಿದಳು.

ಆ ಭಾನುವಾರ ಅವಳು ವೇದಿಯ ಮುಂದೆ ಮೊಣಕಾಲೂರಿ ರೊಟ್ಟಿ ತಗೊಂಡಳು. ಆಮೆನ್ ಅಂದದ್ದು ನನ್ನ ಬೆಂಚಿನವರೆಗೂ ಕೇಳಿಸಿತು. ನಾನು ಏಳಲಿಲ್ಲ. ಸುಳ್ಳನ್ನು ಒಳಗಿಟ್ಟುಕೊಂಡು ಭೋಜನಕ್ಕೆ ಹೋಗಬಾರದು ಎಂದು ಮಕ್ಕಳಿಗೆ ಕಲಿಸುವವಳೂ ನಾನೇ ತಾನೆ. ಅಂದಿನಿಂದ ಇಂದಿನವರೆಗೂ ಹೋಗಿಲ್ಲ. ಯಾಕಮ್ಮ ಎಂದು ಅಯ್ಯನವರು ಕೇಳುತ್ತಾರೆ. ಸುಳ್ಳನ್ನು ಒಪ್ಪಿಕೊಳ್ಳಬೇಕೆಂದರೆ ನಿಜ ಏನೆಂದು ಹೇಳಬೇಕು, ಅದು ನನಗೇ ಗೊತ್ತಿಲ್ಲ. ಇಷ್ಟೆಲ್ಲ ಅನುಭವಿಸಿ ಬಂದ ಆ ದನಿ, ತುಟಿ ಕಚ್ಚಿ ನಿಂತಿದ್ದ ಆ ಹುಡುಗಿಯನ್ನು ಸುಮ್ಮನಿರಲು ಯಾಕೆ ಬಿಡಲಿಲ್ಲ? ಲಿಡಿಯಾ ಈಗ ಪ್ರತಿ ತಿಂಗಳೂ ಬರುತ್ತಾಳೆ. ರೊಟ್ಟಿ ತಗೊಂಡು ನೆಟ್ಟಗೆ ಬಂದು ನನ್ನ ಪಕ್ಕ ಕೂರುತ್ತಾಳೆ.