ಫಳಫಳಕ್ಕ ಪೀಪಾಯಿ ತೊಳೆದದ್ದು

ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತಿತ್ತು. ಉಳಿದ ದಿನ ವಿನೆಗರ್ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಫಳಫಳಕ್ಕ. ಬ್ರಶ್ಶು ಹಿಡಿದಳೆಂದರೆ ನೆಲವಿರಲಿ, ನಲ್ಲಿಯಿರಲಿ, ಮುಖ ನೋಡಿಕೊಳ್ಳುವಷ್ಟು ಹೊಳೆಯಲೇಬೇಕು. ಮನೆಯಲ್ಲೂ ಅವಳದೇ ರಾಜ್ಯಭಾರ. ಗಂಡ ಟೀ ಕುಡಿದು ಮುಗಿಸುವ ಮೊದಲೇ ಲೋಟ ತೊಳೆಯಲು ಹೋಗಿರುತ್ತಿತ್ತು, ಎಷ್ಟೋ ಸಲ ಕೊನೆಯ ಗುಟುಕಿನ ಸಮೇತ. ಸೊಸೆ ಒರೆಸಿದ್ದನ್ನೇ ಇವಳು ಮತ್ತೆ ಒರೆಸುವಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಗಂಡ ಸುಮ್ಮನಿದ್ದ. ಸೊಸೆಯೂ ಸುಮ್ಮನಿದ್ದಳು.

ಕಾರ್ಖಾನೆಯ ನಡುವೆ ಆಳೆತ್ತರ ಮೀರಿದ ಮರದ ಪೀಪಾಯಿ. ಅದರ ತುಂಬ ಬಡಗಿಯ ಉಜ್ಜುಗೊರಡಿನಿಂದ ಉದುರುವಂಥ ಮರದ ಸುರುಳಿಗಳು. ಹುದುಗು ಬಂದ ಹಣ್ಣಿನ ರಸವನ್ನು ಮೇಲಿನಿಂದ ಜಿನುಗಿಸಿದರೆ ಕೆಳಗೆ ವಿನೆಗರ್ ಆಗಿ ಇಳಿಯುತ್ತಿತ್ತು. ಅದರ ಹತ್ತಿರ ಮೇಸ್ತ್ರಿ ಯಾರನ್ನೂ ಬಿಡುತ್ತಿರಲಿಲ್ಲ. ಅವನು ರಜೆಯ ಮೇಲೆ ಹೋದಾಗ ಫಳಫಳಕ್ಕ ಏಣಿ ಹತ್ತಿ ಮುಚ್ಚಳ ಸರಿಸಿ ಇಣುಕಿದಳು. ಒಂದೊಂದು ಸುರುಳಿಗೂ ಕಂದು ಬಣ್ಣದ ಲೋಳೆ! ಇಷ್ಟು ವರ್ಷ ಈ ಕೊಳೆಯನ್ನು ಮುಚ್ಚಿಟ್ಟುಕೊಂಡಿದ್ದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಎಲ್ಲವನ್ನೂ ಹೊರಗೆ ಸುರಿದು, ಕುದಿಯುವ ನೀರಿಗೆ ಸೋಡ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮತ್ತೆ ತುಂಬಿದಳು. ಹೇಳದೆ ಕೇಳದೆ ಇಷ್ಟು ಕೆಲಸ ಯಾರು ಮಾಡುತ್ತಾರೆ, ನೀವೇ ಹೇಳಿ.

ಮೇಸ್ತ್ರಿ ಬಂದು ರಸ ಬಿಟ್ಟ. ಹೋದದ್ದು ಹೋದ ಹಾಗೇ ಕೆಳಗೆ ಬಂತು. ಮುಚ್ಚಳ ತೆಗೆದು ನೋಡಿದ.

"ಇದನ್ನ ಯಾರಕ್ಕ ತೊಳೆದಿದ್ದು?"

"ಇನ್ಯಾರು, ನಾನೇ," ಎಂದು ಅವಳು ಹೊಗಳಿಕೆಗೆ ಕಾದಳು.

ಮೇಸ್ತ್ರಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಸಿದ. "ಅದು ಕೊಳೆ ಅಲ್ಲಕ್ಕ. ಕಣ್ಣಿಗೆ ಕಾಣದ ಜೀವಿಗಳು ಒಂದಕ್ಕೊಂದು ಅಂಟ್ಕೊಂಡು ಕಟ್ಟಿಕೊಂಡಿರೋ ಮನೆ. ಅಲ್ಲೇ ಕೂತು ರಸಾನ ವಿನೆಗರ್ ಮಾಡ್ತಿದ್ವು. ಬೆಂಕಿ ಕೇಳಲ್ಲ, ರಜ ಕೇಳಲ್ಲ. ಯಜಮಾನ್ರ ತಾತನ ಕಾಲದ ಸಂಸಾರ ಅದು."

"ಹಾಗಾದ್ರೆ ನಾನು..."

"ಒಂದನ್ನೂ ಉಳಿಸಿಲ್ಲ."

ಫಳಫಳಕ್ಕ ಇಂಗು ತಿಂದ ಮಂಗನಂತಾದಳು. ಪೀಪಾಯಿ ಕೆಲಸ ಹಿಡಿಯದಿದ್ದರೆ ಯಜಮಾನರು ಅವಳನ್ನು ಮನೆಗೆ ಕಳಿಸುವುದು ಖಂಡಿತ. ಹಳೆಯ ಲೋಳೆ ಒಂದು ಚೂರು ಸಿಕ್ಕರೂ ಮತ್ತೆ ಬೆಳೆಸಬಹುದು ಎಂದ ಮೇಸ್ತ್ರಿ. ಇಬ್ಬರೂ ಕೊಳವೆಗಳ ಸಂದಿ, ತೊಟ್ಟಿಯ ತಳ, ಬಾಗಿಲ ಮೂಲೆ ಎಲ್ಲ ತಡಕಿದರು. ಭೂತಗನ್ನಡಿ ಹಿಡಿದರೂ ಕೊಳೆ ಕಾಣಲಿಲ್ಲ. "ಎಲ್ಲಾ ನಿಮ್ಮ ಕೈಗುಣ," ಎಂದು ಮೇಸ್ತ್ರಿ ಹಲ್ಲು ಕಡಿದ.

ಸಂಜೆ ಮನೆಗೆ ಬಂದವಳು ನಡೆದದ್ದನ್ನೆಲ್ಲ ಹೇಳಿ ಅತ್ತಳು. ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಸೊಸೆ ಎದ್ದು ಹೋಗಿ ತನ್ನ ಬೀರುವಿನಿಂದ, ಬಟ್ಟೆಗಳ ಹಿಂದಿನಿಂದ, ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಜಾಡಿ ತಂದಿಟ್ಟಳು. ಅತ್ತೆಯೇ ಕಾರ್ಖಾನೆಯಿಂದ ತಂದಿದ್ದ ಸೋಸದ ವಿನೆಗರ್. ಕೂದಲು ತೊಳೆಯಲೆಂದು ಸೊಸೆ ಎತ್ತಿಟ್ಟುಕೊಂಡಿದ್ದಳು. ಮೇಲೆ ಹಾಲಿನ ಕೆನೆಯಂತೆ ಲೋಳೆಯ ದಪ್ಪ ಪದರ ಕಟ್ಟಿತ್ತು.

"ಇದನ್ಯಾಕೆ ಬಚ್ಚಿಟ್ಟಿದ್ದೆ?"

"ಹೊರಗಿಟ್ಟಿದ್ರೆ ನೀವು ತೊಳೆದುಬಿಡ್ತಿದ್ರಿ." ಸೊಸೆ ಜಾಡಿಯ ಬಾಯಿಯ ಬಟ್ಟೆ ಬಿಗಿ ಮಾಡಿದಳು. "ನೀವು ಕೈ ಹಾಕದ ಜಾಗ ಅಂತ ಈ ಮನೇಲಿ ನಂಗಿರೋದು ಆ ಬೀರು ಒಂದೇ ಅತ್ತೆ."

ಮೇಸ್ತ್ರಿಯ ಮಾತಿಗಿಂತ ಇದು ಅವಳಿಗೆ ಹೆಚ್ಚು ನಾಟಿತು.

ಜಾಡಿಯ ಲೋಳೆ ಪೀಪಾಯಿ ಸೇರಿತು. ವಾರಗಳು ಕಳೆದ ಮೇಲೆ ಕೆಳಗಿನ ನಲ್ಲಿಯಿಂದ ಮೂಗಿಗೆ ಹೊಡೆಯುವ ಹುಳಿ ವಾಸನೆ ಬಂತು. ಯಜಮಾನರು ಬಾಯಿ ತುಂಬ ಬೈದು, ಕೆಲಸದಲ್ಲಿ ಉಳಿಸಿಕೊಂಡರು.

ಆ ಭಾನುವಾರ ಮನೆ ಒರೆಸುತ್ತಾ ಬಂದ ಫಳಫಳಕ್ಕ ಸೊಸೆಯ ಕೋಣೆಯ ಹೊಸ್ತಿಲಲ್ಲಿ ನಿಂತಳು. ಕಿಟಕಿಯ ಕಟ್ಟೆಯ ಮೇಲೆ ಧೂಳು ಕೂತಿತ್ತು. ಅವಳ ಕೈ ತುರಿಸಿತು.

"ಒಳಗೆ ಬನ್ನಿ ಅತ್ತೆ," ಎಂದಳು ಸೊಸೆ.

ಫಳಫಳಕ್ಕ ಒರೆಸುವ ಬಟ್ಟೆಯನ್ನು ಹೊರಗೇ ಬಿಟ್ಟು, ಒಳಗೆ ಹೋಗಿ ಕೂತಳು.