ಮೊದಲ ಸಾಲು ಮಾತ್ರ ಓದಿದವನು

ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ಕಳೆದ ಭಾನುವಾರ ರಾಯಲ್ಪಾಡಿನ ಚಿಕ್ಕಮ್ಮನ ಮನೆಯಲ್ಲಿ ನನಗೆ ಅದು ಖಾತ್ರಿಯಾಯಿತು.

ಚಿಕ್ಕಮ್ಮನ ಮಗ ರವಿ ಫೋನ್ ಮಾಡಿ ಕರೆಸಿಕೊಂಡಿದ್ದ. ಅವನ ಮಗಳು ಲಾವಣ್ಯಳಿಗೆ ಒಂಬತ್ತು ವರ್ಷ. ಗಡಿಯಾಚೆ ಆಂಧ್ರದಲ್ಲಿ ಯಾವುದೋ ಟ್ರಸ್ಟಿನ ಹಾಸ್ಟೆಲ್. ಊಟ, ಓದು, ಕಂಪ್ಯೂಟರ್ ಎಲ್ಲ ಫ್ರೀ. ಫಾರಂ ತೆಲುಗಿನಲ್ಲಿತ್ತು. ನಮ್ಮ ಮನೆಯವರೆಲ್ಲ ತೆಲುಗು ಮಾತಾಡುತ್ತಾರೆ, ಹೆಚ್ಚಿನವರಿಗೆ ಓದಲು ಬರುವುದು ಕನ್ನಡ ಮಾತ್ರ. ಚಿಕ್ಕಂದಿನಲ್ಲೇ ಸಿನಿಮಾ ಪೋಸ್ಟರ್ ನೋಡಿ ತೆಲುಗು ಅಕ್ಷರ ಕಲಿತವನು ನಾನೊಬ್ಬನೇ. (ಎಂ.ಎ. ಆಮೇಲೆ ಬಂತು.)

‘ಕಂಪ್ಯೂಟರ್’ ಎಂದು ಓದುತ್ತಿದ್ದಂತೆ ಒಳಗೆ ಚುರುಕ್ ಎಂದಿತು. ನನ್ನ ಮಗಳಿಗೆ ಇಂಥದ್ದು ಯಾಕೆ ಸಿಗಲಿಲ್ಲ?

ಹಳೆಯ ಚುರುಕು ಅದು. ರವಿಯ ಅಕ್ಕ ಪದ್ಮ ನನ್ನದೇ ವಯಸ್ಸಿನವಳು. ಹತ್ತು ವರ್ಷದವಳಿದ್ದಾಗ ಗಡಿಯಾಚೆಯ ಇಂಥದ್ದೇ ಹಾಸ್ಟೆಲ್ಲಿಗೆ ಹೋದಳು. ಹೊಸ ಟ್ರಂಕು, ಕಪ್ಪು ಬೂಟು, ಬಸ್ಸಿನಲ್ಲಿ ಕಿಟಕಿ ಸೀಟು. ನಗುತ್ತಾ ಕೈಬೀಸಿದ್ದಳು. ಹಾಗೆಂದು ನನ್ನ ನೆನಪು; ಪಕ್ಕದಲ್ಲೇ ಕೂತಿದ್ದ ಪದ್ಮಳಿಗೆ ಅದನ್ನೇ ಹೇಳಿದೆ.

‘ನಗ್ತಿದ್ನಾ? ಆ ಬಸ್ಸಲ್ಲಿ ವಾಂತಿ ಮಾಡ್ಕೊಂಡೆ ಕಣೋ,’ ಎಂದಳು ಪದ್ಮ.

ಫಾರಂ ತಡೆಯಲೆಂದೇ ಅವಳು ಶ್ರೀನಿವಾಸಪುರದಿಂದ ಬಂದಿದ್ದಳು. ಒಳಗೆ ಹೋಗಿ, ಚಿಕ್ಕಮ್ಮ ಜೋಪಾನವಾಗಿಟ್ಟಿದ್ದ, ತಾನು ಹಾಸ್ಟೆಲ್ಲಿನಿಂದ ಅಲ್ಲಿ ಕಲಿತ ತೆಲುಗಿನಲ್ಲಿ ಬರೆದಿದ್ದ ಹಳೇ ಇನ್‌ಲ್ಯಾಂಡ್ ಲೆಟರ್ ತಂದು ನನ್ನ ಮುಂದಿಟ್ಟಳು. ‘ಓದು. ಆವಾಗ್ಲೂ ನೀನೇ ಅಲ್ವಾ ಅಮ್ಮನಿಗೆ ಓದಿ ಹೇಳಿದ್ದು?’

ಓದಿದೆ. ಮೊದಲ ಸಾಲು: ಅಮ್ಮಾ, ಚೆನ್ನಾಗಿದ್ದೇನೆ. ಆಮೇಲಿನದು: ಶಾಲೆಗೆ ಕಳಿಸುವುದು ವಾರಕ್ಕೆ ಮೂರೇ ದಿನ. ಉಳಿದ ದಿನ ಅಡುಗೆಮನೆ ಕೆಲಸ. ಬಂದು ಕರಕೊಂಡು ಹೋಗು.

ಅವಳು ಅಲ್ಲಿ ಮೂರು ವರ್ಷ ಇದ್ದಳು.

‘ಚೆನ್ನಾಗಿದ್ದಾಳೆ ಅಂತ ನೀನು ಓದ್ದೆ. ಅಷ್ಟೇ ಇರೋದು ಅಂದೆ,’ ಎಂದರು ಚಿಕ್ಕಮ್ಮ. ದೂರಲಿಲ್ಲ. ಅದೇ ಕಷ್ಟವಾಯಿತು.

ಉಳಿದದ್ದು ಓದಲು ಬರಲಿಲ್ಲವೇ? ಅಕ್ಷರ ಕೂಡಿಸಿ ಕೂಡಿಸಿ ಸಾಕಾಗಿ ನಿಲ್ಲಿಸಿದೆನೇ? ಅಥವಾ ನನಗಿಲ್ಲದ ಟ್ರಂಕು ಇರುವವಳಿಗೆ ದುಃಖ ಬೇರೆ ಯಾಕೆ ಎಂದು ಬಿಟ್ಟೆನೇ? ಗೊತ್ತಿಲ್ಲ. ಪದ್ಮಳಿಗೆ ಎಲ್ಲವೂ ಖಚಿತವಾಗಿ ನೆನಪಿದೆ. ಈಗ ಅದಕ್ಕೂ ಹೊಟ್ಟೆಕಿಚ್ಚು.

ಹೋಗಲಿ, ನಾನು ಚಿಕ್ಕವನು. ದೊಡ್ಡವರು? ಮಗು ಗಡಿ ದಾಟಿದ್ದು ಈ ಕಡೆಯ ಯಾವ ಆಫೀಸಿಗೂ ಗೊತ್ತಿರಲಿಲ್ಲ. ಆ ಕಡೆಯವರಿಗೆ ಅವಳು ಬೇರೆ ರಾಜ್ಯದ ಮಗು. ಮಾವಿನ ಲೋಡು ದಾಟಿದರೆ ಕಾಗದಪತ್ರ ಕೇಳುತ್ತಾರೆ. ಮಗು ದಾಟಿದರೆ?

‘ಈಗೆಲ್ಲ ಹಂಗಿಲ್ಲ ಅಕ್ಕ, ರೂಲ್ಸ್ ಇದಾವೆ,’ ಎಂದ ರವಿ.

‘ಇದ್ರೆ ಆ ಹಾಸ್ಟೆಲ್ ರಿಜಿಸ್ಟ್ರೇಷನ್ ತೋರ್ಸು. ನೀನು ಹೋಗಿ ನೋಡ್ಕೊಂಡ್ ಬಂದ್ಯಾ? ಮಗೂನ ಕೇಳ್ದ್ಯಾ?’

‘ಪಿಲ್ಲಕೇಮಿ ತೆಲುಸು,’ (ಮಗುವಿಗೇನು ಗೊತ್ತು) ಎಂದುಬಿಟ್ಟ ಚಿಕ್ಕಮ್ಮ, ಪದ್ಮಳ ಮುಖ ನೋಡಿ ಇನ್‌ಲ್ಯಾಂಡ್ ಲೆಟರ್ ಮಡಿಚತೊಡಗಿದರು.

ಫಾರಂ ತಿರುವಿ ನೋಡಿದೆ. ತಂದೆಯ ಸಹಿ, ಸಾಕ್ಷಿಯ ಸಹಿ, ಎರಡು ಫೋಟೋ. ಮಗು ಏನನ್ನುತ್ತದೆ ಎಂದು ಬರೆಯಲು ಒಂದು ಗೆರೆಯೂ ಇಲ್ಲ. ಪೆನ್ನು ಕೆಳಗಿಟ್ಟು ಲಾವಣ್ಯಳನ್ನು ಕರೆದೆ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

‘ಅಲ್ಲಿಗೆ ಹೋಗ್ತೀಯೇನೇ ಪುಟ್ಟಿ?’

‘ನಾನು ಲೆಟರ್ ಬರೆದ್ರೆ, ನೀನೇ ಓದೋದಾ ದೊಡ್ಡಪ್ಪ?’